ವಿಳಾಸ ಕೇಳದ ಬಾಗಿಲು

ಜಪಾನಿನಲ್ಲಿ ಮುದುಕ ಮುದುಕಿಯರು ಬೇಕೆಂದೇ ಕಳವು ಮಾಡಿ ಜೈಲು ಸೇರುತ್ತಾರಂತೆ, ನಿಜವೇ? ಈ ಅಂಕಣದ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು. ತೊಚಿಗಿ ಎಂಬಲ್ಲಿನ ಹೆಂಗಸರ ಜೈಲಿನ ದೃಶ್ಯಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದಾಗಲೆಲ್ಲ ಯಾರಾದರೊಬ್ಬರು ಅದನ್ನು ಕಳಿಸಿ ಕೆಳಗೊಂದು ಸಾಲು ಬರೆಯುತ್ತಾರೆ. ಬರೆಯುವವರು ಬಹುಮಟ್ಟಿಗೆ ಅರವತ್ತು ದಾಟಿದವರು. ಮಕ್ಕಳು ಹೊರದೇಶದಲ್ಲಿದ್ದಾರೆ, ಇರುವುದು ಬಾಡಿಗೆ ಮನೆ, ನಾಳೆ ಅದೂ ತಪ್ಪಿದರೆ ಬೀದಿಗಿಂತ ಜೈಲೇ ವಾಸಿಯಲ್ಲವೇ ಎಂದು ಒಬ್ಬರು ಕೇಳಿದ್ದರು. ತಮಾಷೆಗೆ ಕೇಳಿದ ಮಾತಲ್ಲ ಅದು. ಹಾಗಾಗಿ ಸ್ವಲ್ಪ ನಿಧಾನವಾಗಿಯೇ ಉತ್ತರ ಹೇಳಬೇಕು.

ಸುದ್ದಿ ನಿಜ. ತೊಚಿಗಿಯದು ಜಪಾನಿನ ಅತಿ ದೊಡ್ಡ ಮಹಿಳಾ ಜೈಲು, ಅಲ್ಲಿರುವ ಸುಮಾರು 500 ಕೈದಿಗಳಲ್ಲಿ ಐವರಿಗೆ ಒಬ್ಬರು ವಯಸ್ಸಾದವರು. ಇಡೀ ದೇಶದ ಜೈಲುಗಳಲ್ಲಿ 65 ದಾಟಿದವರ ಸಂಖ್ಯೆ 2003ರಿಂದ 2022ರ ಹೊತ್ತಿಗೆ ಹತ್ತಿರ ಹತ್ತಿರ ನಾಲ್ಕು ಪಟ್ಟಾಯಿತು. ಜೈಲಿನಲ್ಲಿರುವ ವೃದ್ಧೆಯರಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಕಳವಿನ ಕೇಸಿನವರು. ಕಳವೆಂದರೆ ದರೋಡೆಯಲ್ಲ, ಅಂಗಡಿಯಿಂದ ಎತ್ತಿಕೊಂಡ ಊಟದ ಪೊಟ್ಟಣ, ಹಣ್ಣು, ಒಂದು ಬ್ರೆಡ್ಡು. ಜಪಾನಿನ ದಂಡಸಂಹಿತೆಯಲ್ಲಿ ಕಳವಿಗೆ 10 ವರ್ಷದವರೆಗೂ ಶಿಕ್ಷೆ ಕೊಡಬಹುದು. ಹತ್ತು ವರ್ಷದೊಳಗೆ ಮೂರು ಸಲ ಜೈಲು ಕಂಡವರು ಮತ್ತೆ ಕದ್ದರೆ 1930ರ ಇನ್ನೊಂದು ಕಾನೂನಿನಡಿ ಕನಿಷ್ಠ ಮೂರು ವರ್ಷ ಒಳಗಿರಬೇಕು. ಹೀಗೆ ಒಂದು ತುತ್ತಿನ ಕಳವು ವರ್ಷಗಟ್ಟಲೆಯ ಸೆರೆಯಾಗಿ ಬೆಳೆಯುತ್ತದೆ.

ಆದರೆ ಅಂಕಿಗಳಿಂದ ನಮಗೆ ಬೇಕಾದ ಉತ್ತರ ಸಿಗುವುದಿಲ್ಲ. ಆ ಜನ ಒಳಗೆ ಹೋದದ್ದು ಏಕೆ ಎಂದು ತಿಳಿಯಲು ಒಬ್ಬ ಮನುಷ್ಯನ ಕತೆಯನ್ನು ಪೂರ್ತಿ ಕೇಳಬೇಕು.

2005ರ ಡಿಸೆಂಬರ್ 30ರಂದು ಫುಕುಒಕ ಜೈಲಿನಿಂದ 74 ವರ್ಷದ ಒಬ್ಬ ಮುದುಕ ಬಿಡುಗಡೆಯಾದ. ಬದುಕಿನ ನಲವತ್ತಕ್ಕೂ ಹೆಚ್ಚು ವರ್ಷ ಜೈಲಿನಲ್ಲೇ ಕಳೆದವನು, ಬುದ್ಧಿಮಾಂದ್ಯ ಇದ್ದವನು. ಗೇಟಿನ ಹೊರಗೆ ಅವನಿಗಾಗಿ ಯಾರೂ ಬಂದಿರಲಿಲ್ಲ. ಹೊಸವರ್ಷದ ರಜೆ, ಕಚೇರಿಗಳೆಲ್ಲ ಮುಚ್ಚಿದ್ದವು, ಮೈ ಕೊರೆಯುವ ಚಳಿ. ಕೈಲಿದ್ದ ಪುಡಿಗಾಸು ಕೆಲವೇ ದಿನಗಳಲ್ಲಿ ಖಾಲಿಯಾಯಿತು. ಕಿತಾಕ್ಯುಶು ನಗರದ ವಾರ್ಡ್ ಕಚೇರಿಗೆ ಹೋಗಿ ಸಹಾಯ ಕೇಳಿದ. ವಿಳಾಸ ಇಲ್ಲದೆ ಅರ್ಜಿ ತೆಗೆದುಕೊಳ್ಳಲಾಗದು ಎಂದರು, ಶಿಮೊನೊಸೆಕಿಯವರೆಗಿನ ಒಂದು ರೈಲು ಟಿಕೆಟ್ಟು ಕೈಗಿಟ್ಟು ಕಳಿಸಿದರು. ಜಪಾನಿನ ಸಾರ್ವಜನಿಕ ನೆರವಿನ ಕಾಯ್ದೆಯಲ್ಲಿ, ನೆಲೆಯಿಲ್ಲದವನಿಗೆ ಅವನು ನಿಂತ ಜಾಗದಲ್ಲೇ ನೆರವು ಕೊಡಬೇಕೆಂಬ ನಿಯಮ ಇದೆ. ಆ ನಿಯಮ ಅವನಿಗೆ ಗೊತ್ತಿರಲಿಲ್ಲ, ಗೊತ್ತಿದ್ದವರು ಹೇಳಲಿಲ್ಲ. ಜನವರಿ 7ರ ನಡುರಾತ್ರಿ ಶಿಮೊನೊಸೆಕಿ ನಿಲ್ದಾಣಕ್ಕೆ ಬೆಂಕಿ ಬಿತ್ತು. 1942ರಲ್ಲಿ ಕಟ್ಟಿದ, ಊರಿನವರೆಲ್ಲ ತಮ್ಮದೆಂದು ಪ್ರೀತಿಸುತ್ತಿದ್ದ ಮರದ ಕಟ್ಟಡ ಸುಟ್ಟು ಬೂದಿಯಾಯಿತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಬೆಂಕಿ ಹಚ್ಚಿದವನು ಆ ಮುದುಕ. ಹಚ್ಚಿದ್ದು ಯಾಕೆಂದು ಕೇಳಿದಾಗ, ಜೈಲಿಗೆ ವಾಪಸ್ ಹೋಗಬೇಕಿತ್ತು ಎಂದ.

ಕಿತಾಕ್ಯುಶುವಿನಲ್ಲೇ ಬೀದಿಯಲ್ಲಿ ಮಲಗುವವರಿಗಾಗಿ ದಶಕಗಳಿಂದ ದುಡಿಯುತ್ತಿರುವ ಒಕುಡ ತೊಮೊಶಿ ಎಂಬ ಪಾದ್ರಿ ಇದ್ದಾರೆ. ಹೊಬೊಕು ಎಂಬ ಸಂಸ್ಥೆ ನಡೆಸುತ್ತಾರೆ. ನಮ್ಮೂರಿಗೆ ಬಂದು ಕೈಚಾಚಿದವನು ನಮ್ಮ ಕಣ್ಣಿಗೆ ಬೀಳಲಿಲ್ಲವಲ್ಲ ಎಂಬ ಸಂಕಟದಿಂದ ಅವರು ಆ ಮನುಷ್ಯನನ್ನು ಜೈಲಿನಲ್ಲಿ ಹುಡುಕಿಕೊಂಡು ಹೋದರು. ಬದುಕಿನಲ್ಲಿ ಅತಿ ಹೆಚ್ಚು ನೋವಾದದ್ದು ಯಾವಾಗ ಎಂದು ಕೇಳಿದರೆ, ಜೈಲಿನಿಂದ ಹೊರಬಂದಾಗ ಕರೆದುಕೊಂಡು ಹೋಗಲು ಯಾರೂ ಬಾರದೆ ಇದ್ದದ್ದು ಎಂಬ ಅರ್ಥದ ಉತ್ತರ ಬಂತಂತೆ. ಹಸಿವಿನ ಮಾತಿಲ್ಲ, ಚಳಿಯ ಮಾತಿಲ್ಲ. 2008ರಲ್ಲಿ ಅವನಿಗೆ 10 ವರ್ಷ ಶಿಕ್ಷೆಯಾಯಿತು. 2016ರಲ್ಲಿ, 84ನೇ ವಯಸ್ಸಿನಲ್ಲಿ ಹೊರಬಂದಾಗ ಒಕುಡ ಗೇಟಿನ ಬಳಿ ಕಾಯುತ್ತಿದ್ದರು. ಅಲ್ಲಿಂದ ಮುಂದೆ ಆತ ಕಿತಾಕ್ಯುಶುವಿನಲ್ಲಿ ಹೊಬೊಕುವಿನ ಆಸರೆಯಲ್ಲಿ ಬದುಕಿದ.

ನನ್ನ ಉತ್ತರದ ಬೇರು ಈ ಕತೆಯಲ್ಲಿದೆ. ಜೈಲು ಹಿತವಾಗಿತ್ತು ಎಂದು ಅವನು ಅಲ್ಲಿಗೆ ಹೋಗಲಿಲ್ಲ. ಬಡಿದ ಬಾಗಿಲುಗಳೆಲ್ಲ ಒಂದಲ್ಲ ಒಂದು ಕಾಗದ ಕೇಳಿದವು, ಒಂದೇ ಒಂದು ಬಾಗಿಲು ಏನನ್ನೂ ಕೇಳಲಿಲ್ಲ. ಜೈಲಿನವರು ಯಾರನ್ನೂ ಜಾಗವಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ. ಅಲ್ಲಿ ಜಾಮೀನುದಾರ ಬೇಡ, ಮುಂಗಡ ಬೇಡ, ನಾಳೆ ಬನ್ನಿ ಎನ್ನುವವರಿಲ್ಲ. ಊಟ ಹೊತ್ತಿಗೆ ಬರುತ್ತದೆ, ಕಾಯಿಲೆಯಾದರೆ ಡಾಕ್ಟರು ನೋಡುತ್ತಾರೆ, ರಾತ್ರಿ ಎದೆ ಹಿಡಿದುಕೊಂಡರೆ ಯಾರಿಗಾದರೂ ಗೊತ್ತಾಗುತ್ತದೆ. ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡುವವರು ಬೇಕು ಎನ್ನುತ್ತಾರಲ್ಲ ನಮ್ಮಲ್ಲಿ, ಆ ಭಯವೇ ಅಲ್ಲಿಯೂ ಕೆಲಸ ಮಾಡುತ್ತಿದೆ. 2024ರಲ್ಲಿ ಜಪಾನಿನಲ್ಲಿ ಮನೆಯೊಳಗೆ ಒಂಟಿಯಾಗಿ ಸತ್ತವರು 76,020 ಮಂದಿ ಎಂದು ಅಲ್ಲಿನ ಪೊಲೀಸರು ಲೆಕ್ಕ ಕೊಟ್ಟಿದ್ದಾರೆ. ಅವರಲ್ಲಿ 58,044 ಮಂದಿ 65 ದಾಟಿದವರು. ತಲೆಯ ಮೇಲೆ ಸೂರು ಇದ್ದೂ ಸತ್ತದ್ದು ಯಾರಿಗೂ ತಿಳಿಯದೆ ಹೋದವರು ಇವರಲ್ಲಿ ಎಷ್ಟೋ ಮಂದಿ. ಅತ್ತ ಬೀದಿಯಲ್ಲಿ ಮಲಗುವವರ ಸರ್ಕಾರಿ ಲೆಕ್ಕ 2003ರಲ್ಲಿ 25,296 ಇದ್ದದ್ದು 2024ರಲ್ಲಿ 2,820ಕ್ಕೆ ಇಳಿದಿದೆ. ಬೀದಿ ಖಾಲಿಯಾಗುತ್ತಾ ಬಂದರೂ ಜೈಲಿನಲ್ಲಿ ಮುದುಕರು ಕಡಿಮೆಯಾಗಲಿಲ್ಲ ಎಂದರೆ, ಅವರನ್ನು ಒಳಕ್ಕೆ ನೂಕುತ್ತಿರುವುದು ಸೂರಿಲ್ಲದ ಸ್ಥಿತಿ ಒಂದೇ ಅಲ್ಲ ಎಂದಾಯಿತು.

ಶ್ರೀಮಂತ ದೇಶ, ಪಿಂಚಣಿ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ನಲವತ್ತು ವರ್ಷ ಕಂತು ಕಟ್ಟಿದವರಿಗೆ 2024ರಲ್ಲಿ ತಿಂಗಳಿಗೆ 68,000 ಯೆನ್ ಮೂಲ ಪಿಂಚಣಿ ಬರುತ್ತಿತ್ತು. ದೊಡ್ಡ ಊರಿನಲ್ಲಿ ಒಂದು ಕೋಣೆಯ ಬಾಡಿಗೆ ಕೊಟ್ಟರೆ ಅದರಲ್ಲಿ ಉಳಿಯುವುದು ಅಷ್ಟಕ್ಕಷ್ಟೆ. ಅಲ್ಲಲ್ಲಿ ಬಿಡಿ ಕೆಲಸ ಮಾಡಿದವರು, ಗಂಡನ ಸಂಬಳವನ್ನೇ ನಂಬಿದ್ದ ಹೆಂಗಸರು ನಲವತ್ತು ವರ್ಷ ಕಟ್ಟಿರುವುದಿಲ್ಲ. 2017ರವರೆಗೆ 25 ವರ್ಷ ತುಂಬದಿದ್ದರೆ ಒಂದು ಯೆನ್ನೂ ಇರಲಿಲ್ಲ, ಆಮೇಲೆ ಅದನ್ನು 10 ವರ್ಷಕ್ಕೆ ಇಳಿಸಿದರು. ಸರ್ಕಾರದ ನೆರವು ಕೇಳೋಣವೆಂದರೆ, ಅರ್ಜಿ ಹಾಕಿದವರ ಮಕ್ಕಳಿಗೆ, ಒಡಹುಟ್ಟಿದವರಿಗೆ ಇವರನ್ನು ನೀವು ನೋಡಿಕೊಳ್ಳಲು ಆಗುತ್ತದೆಯೇ ಎಂದು ಪತ್ರ ಹೋಗುವ ಪದ್ಧತಿ ಇದೆ. ಇಪ್ಪತ್ತು ವರ್ಷದಿಂದ ಮಾತಿಲ್ಲದ ಮಗನಿಗೆ ಅಂಥ ಪತ್ರ ಹೋಗುವುದನ್ನು ಎಷ್ಟೋ ಜನ ತಡೆದುಕೊಳ್ಳಲಾರರು. ನಾಲ್ಕು ಜನರ ಮುಂದೆ ಮರ್ಯಾದೆ ಹೋಗುತ್ತದೆ ಎಂದು ಹಸಿದೇ ಇರುತ್ತಾರೆ. ಮನೆ ಬಾಡಿಗೆಗೆ ಹಿಡಿಯಲು ಜಾಮೀನು ಹಾಕುವವರೊಬ್ಬರು ಬೇಕು, ವಯಸ್ಸಾದ ಒಂಟಿ ಜೀವಕ್ಕೆ ಮನೆ ಕೊಡಲು ಮಾಲೀಕರು ಹಿಂಜರಿಯುತ್ತಾರೆ. ಜೈಲಿನಿಂದ ಪೆರೋಲ್ ಮೇಲೆ ಬೇಗ ಬರಲೂ ಹೊರಗೆ ಹೊಣೆ ಹೊರುವವರು ಬೇಕು. ಯಾರೂ ಇಲ್ಲದ ಮುದುಕರು ಹೀಗಾಗಿ ಶಿಕ್ಷೆಯ ಕೊನೆಯ ದಿನದವರೆಗೂ ಒಳಗಿದ್ದು, ಯಾರ ಕಣ್ಗಾವಲೂ ನೆರವೂ ಇಲ್ಲದೆ ಬೀದಿಗೆ ಬೀಳುತ್ತಾರೆ. ಎರಡು ವರ್ಷದೊಳಗೆ ಮತ್ತೆ ಜೈಲಿಗೆ ಬರುವವರ ಪ್ರಮಾಣ ಉಳಿದ ವಯಸ್ಸಿನವರಿಗಿಂತ 65 ದಾಟಿದವರಲ್ಲಿ ಹೆಚ್ಚಿರುವುದಕ್ಕೆ ಇದೂ ಒಂದು ಕಾರಣ.

ಜೈಲೆಂದರೆ ಅಲ್ಲಿ ವೃದ್ಧಾಶ್ರಮದಂತೆ ಇರಬಹುದು ಎಂಬ ಕಲ್ಪನೆ ಮಾತ್ರ ಬೇಡ. ಜಪಾನಿನ ಜೈಲುಗಳ ಶಿಸ್ತು ಕಠೋರ. ಕೆಲಸದ ಹೊತ್ತಿನಲ್ಲಿ ಮಾತಾಡುವಂತಿಲ್ಲ, ಕೇಳದೆ ಏಳುವಂತಿಲ್ಲ, ನಡೆಯುವುದಕ್ಕೂ ಸಾಲು. ಬಟ್ಟೆಯಲ್ಲೇ ಉಚ್ಚೆ ಮಾಡಿಕೊಳ್ಳುವ, ತಾನು ಎಲ್ಲಿದ್ದೇನೆ ಎಂಬುದನ್ನೇ ಮರೆತ ಕೈದಿಗಳನ್ನು ಕಾವಲುಗಾರರು ಸ್ನಾನ ಮಾಡಿಸಿ, ಡಯಾಪರ್ ಬದಲಿಸಿ ನೋಡಿಕೊಳ್ಳಬೇಕಾಗಿದೆ. ಹಿರೊಶಿಮಾ ಜೈಲಿಗೆ ಸೇರಿದ ಒನೊಮಿಚಿ ಶಾಖೆಯಲ್ಲಿ ಗೋಡೆಯುದ್ದಕ್ಕೂ ಹಿಡಿಕಂಬಿ, ಮೆಟ್ಟಿಲ ಬದಲು ಇಳಿಜಾರು ಮಾಡಿ ಮುದುಕರಿಗೆಂದೇ ಪ್ರತ್ಯೇಕ ವ್ಯವಸ್ಥೆ ಮಾಡಿದ್ದಾರೆ. ಆ ಕಾವಲುಗಾರರ ಬಗ್ಗೆ ನನಗೆ ಗೌರವವಿದೆ. ಆದರೆ ಬೀಗ ಹಾಕಲು ತರಬೇತಾದವರ ಮೇಲೆ ಆರೈಕೆಯ ಹೊರೆ ಹೊರಿಸಿದ್ದು ಅವರಿಗೂ ಅನ್ಯಾಯ, ಮುದುಕರಿಗೂ ಅನ್ಯಾಯ. ದುಡ್ಡಿನ ಲೆಕ್ಕದಲ್ಲೂ ಇದು ನಷ್ಟವೇ. 200 ಯೆನ್ನಿನ ಒಂದು ಸ್ಯಾಂಡ್‌ವಿಚ್ ಕದ್ದವನಿಗೆ ಎರಡು ವರ್ಷ ಶಿಕ್ಷೆಯಾದರೆ ಸರ್ಕಾರಕ್ಕೆ 84 ಲಕ್ಷ ಯೆನ್ ಖರ್ಚು ಎಂದು ಟೋಕಿಯೊದ ಸಂಶೋಧಕರೊಬ್ಬರು 2016ರಲ್ಲಿ ಲೆಕ್ಕ ಹಾಕಿ ತೋರಿಸಿದ್ದರು.

ಜೈಲುಗಳ ಈ ಸ್ಥಿತಿ ಲೋಕಕ್ಕೆ ತಿಳಿದದ್ದು ಒಬ್ಬ ರಾಜಕಾರಣಿ ಜೈಲಿಗೆ ಹೋಗಿದ್ದರಿಂದ. ಯಮಾಮೊತೊ ಜೋಜಿ ಜಪಾನಿನ ಸಂಸತ್ ಸದಸ್ಯರಾಗಿದ್ದವರು. ಕಾರ್ಯದರ್ಶಿಯ ಸಂಬಳದ ಹಣ ದುರುಪಯೋಗ ಮಾಡಿದ್ದಕ್ಕೆ 2001ರಲ್ಲಿ ಕುರೊಬಾನೆ ಜೈಲು ಸೇರಿದರು. ಅಲ್ಲಿ ಅವರಿಗೆ ಹಚ್ಚಿದ ಕೆಲಸ ವೃದ್ಧ ಮತ್ತು ಅಂಗವಿಕಲ ಕೈದಿಗಳ ಚಾಕರಿ. ಹೊರಬಂದು 2003ರಲ್ಲಿ ಅವರು ಬರೆದ ‘ಗೊಕುಸೊಕಿ’ ಎಂಬ ಪುಸ್ತಕ ಜೈಲುಗಳು ಕಲ್ಯಾಣ ಇಲಾಖೆಯ ಕೆಲಸ ಮಾಡುತ್ತಿವೆ ಎಂಬುದನ್ನು ಬಯಲಿಗಿಟ್ಟಿತು. ಆ ಪುಸ್ತಕ ಎಬ್ಬಿಸಿದ ಚರ್ಚೆ ಮತ್ತು ಶಿಮೊನೊಸೆಕಿಯಂಥ ಪ್ರಕರಣಗಳ ನಂತರ, 2009ರಿಂದ ಒಂದೊಂದೇ ಪ್ರಾಂತ್ಯದಲ್ಲಿ ಬಿಡುಗಡೆಯಾಗುವವರನ್ನು ನೆಲೆ ನಿಲ್ಲಿಸುವ ಕೇಂದ್ರಗಳು ತೆರೆದುಕೊಂಡವು, 2012ರ ವೇಳೆಗೆ ಎಲ್ಲ ಪ್ರಾಂತ್ಯಗಳಿಗೂ ಬಂದವು. ಬಿಡುಗಡೆಗೆ ಎಷ್ಟೋ ತಿಂಗಳ ಮುಂಚೆಯೇ ಅಲ್ಲಿನವರು ಜೈಲಿಗೆ ಹೋಗಿ ಕೈದಿಯನ್ನು ಕಂಡು, ಕೋಣೆ ಹುಡುಕಿ, ಅರ್ಜಿ ತುಂಬಿ, ಡಾಕ್ಟರನ್ನು ಗೊತ್ತುಮಾಡುತ್ತಾರೆ. 2025ರ ಜೂನ್ 1ರಿಂದ ಕಡ್ಡಾಯ ದುಡಿಮೆಯ ಶಿಕ್ಷೆಯೂ ಹೋಯಿತು. 1907ರ ದಂಡಸಂಹಿತೆಯಲ್ಲಿ ಶಿಕ್ಷೆಯ ಬಗೆಯೇ ಬದಲಾದದ್ದು ಇದೇ ಮೊದಲು. ಕೆಲಸ ಮಾಡಲಾಗದ ಮುದುಕನಿಗೆ ನಡೆದಾಡುವ ಅಭ್ಯಾಸ, ನೆನಪಿನ ವ್ಯಾಯಾಮ ಮಾಡಿಸಲು ಈಗ ದಾರಿಯಾಗಿದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೂ ನನ್ನನ್ನು ಕಾಡುವ ಮಾತೊಂದಿದೆ: ಇಷ್ಟೆಲ್ಲ ನೆರವು ಒಬ್ಬ ಮುದುಕನಿಗೆ ಸಿಗಬೇಕಾದರೆ ಅವನು ಮೊದಲು ಅಪರಾಧಿಯಾಗಬೇಕು.

ಅಪರಾಧ ಮಾಡಿದರೂ ಬಯಸಿದ್ದು ಸಿಗುತ್ತದೆಂಬ ಖಾತ್ರಿಯಿಲ್ಲ. 2011ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದ ಗ್ಯಾಸ್ಟೋನಿಯಾ ಊರಿನಲ್ಲಿ 59 ವರ್ಷದ ಕೆಲಸವಿಲ್ಲದ ವ್ಯಕ್ತಿಯೊಬ್ಬ ಬ್ಯಾಂಕಿಗೆ ಹೋಗಿ, ಇದು ದರೋಡೆ, ಒಂದು ಡಾಲರ್ ಕೊಡಿ ಎಂದು ಚೀಟಿ ಬರೆದುಕೊಟ್ಟು, ಪೊಲೀಸರು ಬರುವವರೆಗೆ ಅಲ್ಲೇ ಕುರ್ಚಿಯಲ್ಲಿ ಕೂತಿದ್ದ. ಬೆನ್ನುನೋವು, ಎದೆಯ ಮೇಲೊಂದು ಗಡ್ಡೆ, ಆರೋಗ್ಯ ವಿಮೆ ಇಲ್ಲ. ಜೈಲಿನಲ್ಲಿ ಚಿಕಿತ್ಸೆ ಸಿಗುತ್ತದೆ ಎಂದು ಲೆಕ್ಕ ಹಾಕಿದ್ದ. ಪೊಲೀಸರು ದರೋಡೆಯ ಬದಲು ಸಣ್ಣ ಕಳವಿನ ಕೇಸು ಹಾಕಿದ್ದರಿಂದ ಅವನೆಣಿಸಿದಷ್ಟು ದಿನ ಜೈಲೂ ದಕ್ಕುವಂತಿರಲಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ಪತ್ರ ಬರೆದ ಹಿರಿಯರೇ, ನಮ್ಮ ದೇಶದ ಜೈಲನ್ನು ಆಸರೆ ಎಂದು ಕನಸಿನಲ್ಲೂ ಎಣಿಸಬೇಡಿ. ಇಲ್ಲಿ ಒಳಗಿರುವವರಲ್ಲಿ ಸುಮಾರು ನಾಲ್ವರಿಗೆ ಮೂವರು ಇನ್ನೂ ತೀರ್ಪೇ ಆಗದ ವಿಚಾರಣಾಧೀನ ಕೈದಿಗಳು. ಪಾದ್ರಿ ಸ್ಟ್ಯಾನ್ ಸ್ವಾಮಿ ನೆನಪಿರಬೇಕು. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್ ಅನ್ನು ಒಂದು ಕಾಲಕ್ಕೆ ಮುನ್ನಡೆಸಿದವರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗುತ್ತಿದ್ದ ಅವರು ತಳೋಜಾ ಜೈಲಿನಲ್ಲಿ ನೀರು ಕುಡಿಯಲು ಒಂದು ಸ್ಟ್ರಾ, ಸಿಪ್ಪರ್ ಕೊಡಿಸಿ ಎಂದು 2020ರ ನವೆಂಬರಿನಲ್ಲಿ ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, 84ನೇ ವಯಸ್ಸಿನಲ್ಲಿ, ಜಾಮೀನು ಸಿಗದೆ ತೀರಿಕೊಂಡರು. ಅವರ ಮೇಲಿದ್ದ ಕೇಸಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ನಮ್ಮ ಜೈಲು ಒಬ್ಬ ಮುದುಕನ ನಡುಗುವ ಕೈಗಳಿಗೆ ಸಿದ್ಧವಾಗಿರಲಿಲ್ಲ ಎಂಬುದು ಎಲ್ಲರಿಗೂ ಕಾಣುವ ಸತ್ಯ.

ಕರ್ನಾಟಕದಲ್ಲಿ ಕಾಗದ ಕೇಳದೆ ಒಳಗೆ ಬಿಡುವ ಬಾಗಿಲು ಬೇರೆ, ಅದು ಸರ್ಕಾರಿ ಆಸ್ಪತ್ರೆ. 2025ರ ಆರಂಭದಲ್ಲಿ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು, ಮಕ್ಕಳು ಹೆತ್ತವರನ್ನು ತಂದು ಸೇರಿಸಿ ಹಾಗೇ ಬಿಟ್ಟುಹೋಗುತ್ತಿರುವುದನ್ನು ಬಹಿರಂಗವಾಗಿ ಹೇಳಿದರು. ಬೆಳಗಾವಿಯ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೊಂದರಲ್ಲೇ ಅಂಥ 150ಕ್ಕೂ ಹೆಚ್ಚು ಪ್ರಕರಣಗಳು ಬೆಳಕಿಗೆ ಬಂದಿದ್ದವು. ಅಂಥ ಮಕ್ಕಳ ಹೆಸರಿಗೆ ಮಾಡಿದ ಆಸ್ತಿ ವರ್ಗಾವಣೆ ರದ್ದುಮಾಡಿಸಿ ಎಂದು ಸಚಿವರು ಸೂಚನೆ ಕೊಟ್ಟರು. ಜಿಲ್ಲಾ ಆಸ್ಪತ್ರೆಯ ವಾರ್ಡುಗಳಲ್ಲಿ ನಾನೂ ಅಂಥವರನ್ನು ನೋಡಿದ್ದೇನೆ. ಕಾಯಿಲೆ ವಾಸಿಯಾಗಿರುತ್ತದೆ, ಡಿಸ್ಚಾರ್ಜ್ ಚೀಟಿ ಬರೆದು ಇಟ್ಟಿರುತ್ತಾರೆ, ಕೊಟ್ಟ ಮೊಬೈಲ್ ನಂಬರು ಸ್ವಿಚ್ ಆಫ್. ನರ್ಸುಗಳು ತಮ್ಮ ಬುತ್ತಿಯಿಂದ ಒಂದು ತುತ್ತು ಎತ್ತಿಡುತ್ತಾರೆ. ಅಜ್ಜಿ ಮಾತ್ರ ಮಗ ಬರುತ್ತಾನೆ, ಸಂತೆ ದಿನ ಬರುತ್ತಾನೆ ಎಂದೇ ಹೇಳುತ್ತಾಳೆ. ಮಗನನ್ನು ಬಿಟ್ಟುಕೊಡುವುದಿಲ್ಲ.

ಆಸ್ತಿಯಿದ್ದವರಿಗೆ ಈ ಆದೇಶದಿಂದ ಅಷ್ಟಿಷ್ಟು ಬಲ ಬಂದೀತು. ಆಸ್ತಿಯೇ ಇಲ್ಲದವರ ಪಾಡೇನು? ಸಂಧ್ಯಾ ಸುರಕ್ಷಾ ಯೋಜನೆಯಡಿ ತಿಂಗಳಿಗೆ 1,200 ರೂಪಾಯಿ ಇದೆ. ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿಯ ಪಾಲು 80ರ ಒಳಗಿನವರಿಗೆ 200 ರೂಪಾಯಿಗೇ ವರ್ಷಗಳಿಂದ ನಿಂತುಬಿಟ್ಟಿದೆ. ನಮ್ಮ ಬೀದಿಯಲ್ಲಿ ಹೂ ಕಟ್ಟಿ ಮಾರುವ ಅಜ್ಜಿಯೊಬ್ಬರ ಜೊತೆ ನಾಡಕಚೇರಿಗೆ ಹೋಗಿದ್ದೆ. ಆಧಾರ್‌ನಲ್ಲಿದ್ದದ್ದು ಬಿಟ್ಟುಬಂದ ಊರಿನ ವಿಳಾಸ. ಈಗಿನ ವಿಳಾಸಕ್ಕೆ ಕರಾರು ಪತ್ರ ಬೇಕು, ತಗಡಿನ ಶೆಡ್ಡಿಗೆ ಕರಾರು ಬರೆದುಕೊಡುವವರಾರು? ಕೊನೆಗೆ ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿಸಿದರು. ನಾರು ಎಳೆದೂ ಎಳೆದೂ ಸವೆದ ಬೆರಳು, ಯಂತ್ರ ಒಪ್ಪಲಿಲ್ಲ. ‘ಹೆಬ್ಬೆಟ್ಟು ಬರ್ತಾ ಇಲ್ಲ ಅಜ್ಜಿ, ಮುಂದಿನ ವಾರ ಬಾ’ ಎಂದ ಹುಡುಗ ಒರಟನಲ್ಲ, ಅವನ ಕೈಯಲ್ಲೂ ಏನೂ ಇರಲಿಲ್ಲ. ಅಜ್ಜಿ ಸೀರೆ ಸೆರಗಿನಿಂದ ಬೆರಳು ಒರೆಸಿ ಒರೆಸಿ ಮತ್ತೆ ಒತ್ತುತ್ತಿದ್ದರು. ವಿಳಾಸ ತನ್ನಿ ಎಂದು ಹಿಂದೆ ಕಳಿಸಿದ ಕಿತಾಕ್ಯುಶುವಿನ ಕಚೇರಿಗೂ ಇದಕ್ಕೂ ನನಗೆ ದೂರ ಕಾಣಲಿಲ್ಲ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ, ಅದು ಜಪಾನಿನದಕ್ಕಿಂತ ಕಟುವಾದದ್ದು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಬೀದಿಯಲ್ಲಿ ಕೈಚಾಚಿದವರನ್ನು ಹಿಡಿದು ಪರಿಹಾರ ಕೇಂದ್ರದಲ್ಲಿ ಇಡಬಹುದು. ಅದಕ್ಕಾಗಿ ನಾವೆಲ್ಲ ಆಸ್ತಿ ತೆರಿಗೆಯ ಜೊತೆ ಶೇ 3ರಷ್ಟು ಭಿಕ್ಷುಕರ ಕರ ಕಟ್ಟುತ್ತೇವೆ. 2010ರ ಆಗಸ್ಟಿನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳ ಅಂತರದಲ್ಲಿ ಹಲವರು ಸತ್ತಾಗ ಆ ಗೋಡೆಗಳ ಒಳಗೆ ಏನಿದೆ ಎಂದು ನಾಡಿಗೆ ಗೊತ್ತಾಯಿತು. ಜಪಾನಿನ ಮುದುಕ ತಾನಾಗಿ ಬೀಗದೊಳಗೆ ಹೋದ, ಇಲ್ಲಿನವನನ್ನು ವ್ಯಾನಿನಲ್ಲಿ ತುಂಬಿ ಒಯ್ಯುತ್ತಾರೆ. ಹಣವಿಲ್ಲದ್ದಕ್ಕೆ ಕೇಂದ್ರ ನಡೆಸಲಾಗುತ್ತಿಲ್ಲ ಎನ್ನುವಂತಿಲ್ಲ, ಮೀಸಲು ಕರವೇ ಇದೆ. ಆ ಹಣ ಬೀಗವಿಲ್ಲದ, ಬೇಕೆಂದಾಗ ಬಂದು ಬೇಕೆಂದಾಗ ಹೋಗಬಹುದಾದ ತಂಗುಮನೆಗಳಿಗೆ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ, ಹಗಲೂ ರಾತ್ರಿ ತೆರೆದಿರುವ ಆಶ್ರಯತಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ.

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯನ್ನು ಹಲವರು ನೆಚ್ಚಿಕೊಂಡಿದ್ದಾರೆ. ಹೆತ್ತವರನ್ನು ಬಿಟ್ಟುಹೋದ ಮಕ್ಕಳಿಗೆ ಅದರಲ್ಲಿ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. ಮಗನನ್ನು ಜೈಲಿಗೆ ಕಳಿಸಲು ದೂರು ಕೊಡುವ ತಾಯಿಯನ್ನು ನಾನಂತೂ ಕಂಡಿಲ್ಲ. ಅದೇ ಕಾಯ್ದೆಯ 19ನೇ ಸೆಕ್ಷನ್ ನನಗೆ ಹೆಚ್ಚು ಮುಖ್ಯ. ಪ್ರತಿ ಜಿಲ್ಲೆಯಲ್ಲಿ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ಒಂದು ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ನಡೆಸಬಹುದು ಎಂದು ಅದು ಹೇಳುತ್ತದೆ. ಕಡ್ಡಾಯ ಮಾಡಿಲ್ಲ. ಇದನ್ನು ಕಡ್ಡಾಯ ಮಾಡಬೇಕು, ಮತ್ತು ಆ ಮನೆಯ ನಿಯಮ ಜೈಲಿನ ಗೇಟಿನಷ್ಟೇ ಸರಳವಾಗಿರಬೇಕು. ರಾತ್ರಿ ಹತ್ತಕ್ಕೆ ಬಂದವರನ್ನೂ ಮೊದಲು ಒಳಗೆ ಕರೆದು ಊಟ ಹಾಕಬೇಕು. ಆಧಾರ್, ವಿಳಾಸ, ಹೆಬ್ಬೆಟ್ಟು ಎಲ್ಲ ಬೆಳಗಾದ ಮೇಲೆ, ಅಲ್ಲಿನ ಸಿಬ್ಬಂದಿಯೇ ಓಡಾಡಿ ಮಾಡಿಸಿಕೊಡಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಹಾಸಿಗೆ ಬಿಟ್ಟೇಳಬೇಕಾದ ಅಜ್ಜ ಅಜ್ಜಿಯರ ಪಟ್ಟಿ ವಾರ ವಾರ ಆ ಮನೆಗೆ ಹೋಗಬೇಕು, ಕರೆದುಕೊಂಡು ಹೋಗಲು ಅಲ್ಲಿಂದ ಒಬ್ಬರು ಬರಬೇಕು. ಅಲ್ಲಿಯವರೆಗೆ, ಪತ್ರ ಬರೆದ ಹಿರಿಯರು 14567 ಎಂಬ ನಂಬರನ್ನು ಫೋನಿನಲ್ಲಿ ಸೇರಿಸಿಟ್ಟುಕೊಳ್ಳಲಿ. ಹಿರಿಯ ನಾಗರಿಕರಿಗಾಗಿ ಇಡೀ ದೇಶಕ್ಕೆ ಇರುವ ಉಚಿತ ಸಹಾಯವಾಣಿ ಅದು. ಬಾಡಿಗೆ ಮನೆಯ ತಗಾದೆ ಬಂದರೂ, ಮಕ್ಕಳು ಮಾತು ಬಿಟ್ಟರೂ, ಬೀದಿಯಲ್ಲಿ ಬಿದ್ದ ಇನ್ನೊಬ್ಬ ಹಿರಿಯರು ಕಣ್ಣಿಗೆ ಬಿದ್ದರೂ ಅಲ್ಲಿಗೆ ಹೇಳಬಹುದು.